12345654321: ದೊಡ್ಡ ಸಂಖ್ಯೆಯೊಂದನ್ನು ಹಾಳೆ-ಪೆನ್ಸಿಲ್‌ನಲ್ಲೇ ಬಿಡಿಸುವುದು ಹೇಗೆ

ದೊಡ್ಡ ಸಂಖ್ಯೆ ಕಂಡ ತಕ್ಷಣ ಕೈ ತಾನಾಗಿ ಕ್ಯಾಲ್ಕುಲೇಟರ್ ಕಡೆ ಹೋಗುತ್ತದೆ. ಕ್ಯಾಲ್ಕುಲೇಟರ್ ಗುಣಿಸಿ ಕೊಡುತ್ತದೆ, ಭಾಗಿಸಿ ಕೊಡುತ್ತದೆ. ಯಾವುದರಿಂದ ಭಾಗಿಸಬೇಕು ಅಂತ ಮಾತ್ರ ಹೇಳುವುದಿಲ್ಲ. ಅದನ್ನು ಸಂಖ್ಯೆಯ ಮುಖ ನೋಡಿ ನಾವೇ ಹಿಡಿಯಬೇಕು. ಈ ಬರಹದಲ್ಲಿ ಒಂದೇ ಒಂದು ಸಂಖ್ಯೆಯನ್ನು ಎದುರಿಗೆ ಇಟ್ಟುಕೊಂಡು, ಒಂದೊಂದೇ ಹಂತವಾಗಿ ಅದರ ಒಳಗೆ ಏನೇನಿದೆ ಅಂತ ನೋಡೋಣ. ಇದೇ ಕ್ರಮವನ್ನು ನೀವು ಬೇರೆ ಯಾವ ಸಂಖ್ಯೆಗಾದರೂ ಹಚ್ಚಬಹುದು.

ನಾನು ಆರಿಸಿಕೊಂಡದ್ದು 12345654321. ಇದು ನಾನು ಸುಮ್ನೆ ಕಟ್ಟಿದ ಸಂಖ್ಯೆ ಅಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಪುಸ್ತಕದ ಆರಂಭದಲ್ಲೇ ಅಮೋಘವರ್ಷನ ಹೊಗಳಿಕೆ ಇದೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ಗುಣಾಕಾರದ ಭಾಗದಲ್ಲಿ ಮಹಾವೀರ ಕೆಲವು ತಮಾಷೆಯ ಲೆಕ್ಕ ಕೊಟ್ಟಿದ್ದಾನೆ. ಅವುಗಳ ಉತ್ತರ ಕೊರಳ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ರೀತಿ ಕಾಣುತ್ತದೆ. ಅದಕ್ಕೇ ಅವನ್ನು ಕಂಠಿಕೆ ಅಂತ ಕರೆದ. ಅಂಥ ಒಂದು ಲೆಕ್ಕ 27994681 × 441. ಉತ್ತರ ನಮ್ಮ 12345654321. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಅಂತ ಅವನೇ ಅದನ್ನು ಬಣ್ಣಿಸುತ್ತಾನೆ.

ಬೇಕಾದ ಸಾಮಾನು ಕಮ್ಮಿ: ಚೌಕುಳಿ ಹಾಳೆ, ಪೆನ್ಸಿಲ್, ರಬ್ಬರ್. ತಾಳೆ ನೋಡಲು ಅಂಗಡಿಯವರು ಇಟ್ಟುಕೊಳ್ಳುವ 12 ಅಂಕಿಯ ಕ್ಯಾಲ್ಕುಲೇಟರ್ ಇದ್ದರೆ ಒಳ್ಳೆಯದು. 8 ಅಂಕಿಯದು ಈ ಕೆಲಸಕ್ಕೆ ಆಗುವುದಿಲ್ಲ. ಎಕ್ಸೆಲ್ ಬಳಸುವವರು ಎರಡು ವಿಷಯ ನೆನಪಿಡಿ. ಕಾಲಂ ಕಿರಿದಾಗಿದ್ದರೆ 1.23E+10 ಥರ ಏನೋ ಕಾಣುತ್ತದೆ, ಅಗಲ ಮಾಡಿದರೆ ಸರಿಹೋಗುತ್ತದೆ. ಮತ್ತೆ, ಅದರ ಲೆಕ್ಕ 15 ಅಂಕಿಯವರೆಗೆ ಮಾತ್ರ ನಂಬಿಕೆಗೆ ಅರ್ಹ. ಅದರಾಚೆಯ ಅಂಕಿಗಳು ಸದ್ದಿಲ್ಲದೆ ಸೊನ್ನೆಯಾಗಿಬಿಡುತ್ತವೆ.

ಹಂತ 1: ಬಾಯಿಬಿಟ್ಟು ಓದಿ

ಇದನ್ನು ಯಾರೂ ಮಾಡುವುದಿಲ್ಲ, ಆದರೆ ಮಾಡಬೇಕು. ಬಲಗಡೆಯಿಂದ ಮೊದಲು ಮೂರು, ಆಮೇಲೆ ಎರಡೆರಡು ಅಂಕಿ ಬಿಟ್ಟು ಅಲ್ಪವಿರಾಮ ಹಾಕಿ: 12,34,56,54,321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಟ್ಟು 11 ಅಂಕಿ.

ಒಂಬತ್ತನೇ ಕ್ಲಾಸಿನಲ್ಲಿರುವ ನನ್ನ ಅಣ್ಣನ ಮಗಳಿಗೆ ಇದನ್ನು ಹಾಳೆ ಮೇಲೆ ಬರೆದು ತೋರಿಸಿದಾಗ, “ಚಿಕ್ಕಪ್ಪ, ಇದ್ಯಾರ ಫೋನ್ ನಂಬರು? ಒಂದಂಕಿ ಜಾಸ್ತಿ ಇದೆ” ಅಂದಳು. ತಮಾಷೆ ಇರಲಿ, ಅವಳು ಮೊದಲು ಮಾಡಿದ್ದು ಅಂಕಿ ಎಣಿಸುವ ಕೆಲಸ. ಅದು ಸರಿಯಾದ ಶುರು. ಮಹಾವೀರ ತನ್ನ ಪುಸ್ತಕದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಏಕದಿಂದ ಶುರುವಾಗಿ ಮಹಾಕ್ಷೋಭದವರೆಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಹನ್ನೊಂದನೆಯದು ಅರ್ಬುದ. ನಮ್ಮ ಸಂಖ್ಯೆಯ ಎಡತುದಿಯ 1 ಕೂತಿರುವುದು ಅಲ್ಲಿ.

ಹಂತ 2: ಮುಖ ನೋಡಿ

ಇನ್ನೂ ಭಾಗಿಸಬೇಡಿ. ಸುಮ್ನೆ ನೋಡಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕನಕ, ಕಿಟಕಿ, ವಿಕಟಕವಿ ಇದ್ದ ಹಾಗೆ. ‘ಕುಬೇರನಿಗೇನಿರಬೇಕು’ ಅಂತ ಒಂದಿದೆಯಲ್ಲ, ಅದರಲ್ಲಿ ಒಂಬತ್ತು ಅಕ್ಷರ. ನಮ್ಮದರಲ್ಲಿ ಹನ್ನೊಂದು ಅಂಕಿ, ನಟ್ಟನಡುವೆ 6.

ಈಗ ಅಂಕಿಗಳನ್ನೆಲ್ಲ ಕೂಡಿಸಿ. ಒಂದು ಪಕ್ಕದಲ್ಲಿ 1+2+3+4+5 = 15. ಎರಡೂ ಪಕ್ಕ ಸೇರಿ 30, ನಡುವಿನ 6 ಸೇರಿ 36. ಇದನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ, ಪದೇ ಪದೇ ಬೇಕಾಗುತ್ತದೆ. 36 ಅನ್ನುವುದು ಆರಾರಲ ಮೂವತ್ತಾರು. ಆರಕ್ಕೂ ಈ ಸಂಖ್ಯೆಗೂ ಏನೋ ನಂಟಿದೆ ಅನ್ನುವ ಅನುಮಾನ ಇಲ್ಲೇ ಬರಬೇಕು.

ಹಂತ 3: ಪೂರ್ಣ ವರ್ಗವೇ ಅಂತ ಪರೀಕ್ಷಿಸಿ

ಅಪವರ್ತನಕ್ಕೆ ಕೈ ಹಾಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳುವುದು ಲಾಭ. ಯಾಕೆಂದರೆ ಸಂಖ್ಯೆ ಪೂರ್ಣ ವರ್ಗವಾಗಿದ್ದರೆ 11 ಅಂಕಿಯ ಕೆಲಸ 6 ಅಂಕಿಗೆ ಇಳಿಯುತ್ತದೆ.

ಮೊದಲು ಎರಡು ಜರಡಿ. ಪೂರ್ಣ ವರ್ಗದ ಕೊನೆಯ ಅಂಕಿ 0, 1, 4, 5, 6, 9 ಇವುಗಳಲ್ಲಿ ಒಂದಾಗಿರಬೇಕು. 2, 3, 7, 8 ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಅಂಕಿಗಳನ್ನು ಕೂಡಿಸಿ ಕೂಡಿಸಿ ಒಂದೇ ಅಂಕಿಗೆ ಇಳಿಸಿದಾಗ 1, 4, 7, 9 ಇವುಗಳಲ್ಲಿ ಒಂದು ಬರಬೇಕು. ನಮ್ಮದು 1ರಲ್ಲಿ ಮುಗಿಯುತ್ತದೆ. 36 ಮತ್ತೆ ಕೂಡಿಸಿದರೆ 9. ಎರಡೂ ಜರಡಿಯಿಂದ ಪಾಸು. ಆದರೆ ಪಾಸಾದ ಮಾತ್ರಕ್ಕೆ ವರ್ಗ ಅಂತ ಅಲ್ಲ. 91 ಕೂಡ ಎರಡರಲ್ಲೂ ಪಾಸಾಗುತ್ತದೆ, ಅದು ವರ್ಗ ಅಲ್ಲ. ಹಾಗಾಗಿ ವರ್ಗಮೂಲ ತೆಗೆಯಲೇಬೇಕು.

ಶಾಲೆಯಲ್ಲಿ ಕಲಿತ ಭಾಗಾಕಾರದ ಕ್ರಮವನ್ನೇ ಹಿಡಿಯೋಣ. ಬಲದಿಂದ ಎರಡೆರಡು ಅಂಕಿ ಜೋಡಿ ಮಾಡಿ: 1 | 23 | 45 | 65 | 43 | 21. ಆರು ಗುಂಪು, ಹಾಗಾಗಿ ಮೂಲದಲ್ಲಿ ಆರು ಅಂಕಿ.

ಮೊದಲ ಗುಂಪು 1. ಅದರ ಮೂಲ 1, ಶೇಷ 0.

23 ಇಳಿಸಿಕೊಳ್ಳಿ. ಸಿಕ್ಕಿರುವ ಮೂಲದ ಎರಡರಷ್ಟು 2. ಅದರ ಪಕ್ಕ 1 ಇಟ್ಟು 21 × 1 = 21. ಶೇಷ 2.

45 ಇಳಿಸಿದರೆ 245. 11ರ ಎರಡರಷ್ಟು 22, ಪಕ್ಕ 1 ಇಟ್ಟರೆ 221. ಶೇಷ 24.

65 ಇಳಿಸಿದರೆ 2465. ಕಳೆಯಬೇಕಾದ್ದು 2221. ಶೇಷ 244.

43 ಇಳಿಸಿದರೆ 24443. ಕಳೆಯಬೇಕಾದ್ದು 22221. ಶೇಷ 2222.

21 ಇಳಿಸಿದರೆ 222221. ಕಳೆಯಬೇಕಾದ್ದೂ 222221. ಶೇಷ ಸೊನ್ನೆ!

ಪ್ರತಿ ಸಲವೂ ಮೂಲಕ್ಕೆ ಸೇರಿದ್ದು 1. ಹಾಗಾಗಿ ವರ್ಗಮೂಲ 111111. ಕೊನೆಯ ಸಾಲಿನಲ್ಲಿ ಮೇಲೊಂದು ಕೆಳಗೊಂದು 222221 ಬಂದು ನಿಲ್ಲುವ ಆ ಗಳಿಗೆ ಇದೆಯಲ್ಲ, ಅದನ್ನು ಕೈಯಾರೆ ಬರೆದೇ ನೋಡಬೇಕು. ಕ್ಯಾಲ್ಕುಲೇಟರ್‌ನ ವರ್ಗಮೂಲದ ಗುಂಡಿ ಒತ್ತಿದರೆ ಅದು ಸಿಗುವುದಿಲ್ಲ.

ಹಂತ 4: ಯಾಕೆ ಹೀಗೆ ಅಂತ ಕೇಳಿ

ಚೌಕುಳಿ ಹಾಳೆಯಲ್ಲಿ 111111 × 111111 ಗುಣಾಕಾರ ಬರೆಯಿರಿ. ಆರು ಸಾಲು 111111 ಬರುತ್ತದೆ, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಈಗ ಕಂಬಸಾಲಿನಲ್ಲಿ ಕೂಡಿಸಿ. ಬಲತುದಿಯಲ್ಲಿ ಒಂದೇ 1. ಅದರ ಪಕ್ಕ ಎರಡು 1. ಆಮೇಲೆ ಮೂರು, ನಾಲ್ಕು, ಐದು. ನಡುವಿನ ಕಂಬಸಾಲಿನಲ್ಲಿ ಆರೂ ಸಾಲುಗಳು ಒಂದರ ಮೇಲೊಂದು ಬರುತ್ತವೆ. ಅಲ್ಲಿಂದಾಚೆ ಒಂದೊಂದೇ ಸಾಲು ಮುಗಿಯುತ್ತಾ ಇಳಿಯುತ್ತದೆ. ಮೆಟ್ಟಿಲು ಹತ್ತಿ ಇಳಿದ ಹಾಗೆ.

ಎಲ್ಲೂ ಮೊತ್ತ 9 ದಾಟುವುದಿಲ್ಲ, ಹಾಗಾಗಿ ದಶಕ ಹಿಡಿಯುವ ಕೆಲಸವೇ ಇಲ್ಲ. ಅಂಕಿಗಳ ಮೊತ್ತ ಆರಾರಲ 36 ಬಂದದ್ದೂ ಇದಕ್ಕೇ. ಒಂಬತ್ತು ಒಂದುಗಳವರೆಗೆ ಈ ಚಂದ ಉಳಿಯುತ್ತದೆ. ಹತ್ತು ಒಂದುಗಳನ್ನು ವರ್ಗ ಮಾಡಿದರೆ 1234567900987654321 ಬರುತ್ತದೆ. ಏರುವ ಕಡೆ ಎಂಟು ಕಾಣೆ, ನಡುವೆ ಎರಡು ಸೊನ್ನೆ. ಹಾರ ಹರಿದುಹೋಯಿತು.

ಹಂತ 5: ಭಾಗವಾಗುತ್ತದೆಯೇ ಅಂತ ಸುಳಿವು ಹುಡುಕಿ

ಸಂಖ್ಯೆ 111111ರ ವರ್ಗ ಅಂತ ಗೊತ್ತಾದ ಮೇಲೆ ಈ ಹಂತ ಇಲ್ಲದೆಯೂ ಆಗುತ್ತದೆ. ಆದರೂ ಮಾಡಿ. ವರ್ಗವಲ್ಲದ ಸಂಖ್ಯೆ ಸಿಕ್ಕಾಗ ಕೈ ಹಿಡಿಯುವುದು ಇದೇ.

2 ಮತ್ತು 5ಕ್ಕೆ ಕೊನೆಯ ಅಂಕಿ ನೋಡಿದರೆ ಸಾಕು. ಎರಡೂ ಇಲ್ಲ. 3 ಮತ್ತು 9ಕ್ಕೆ ಅಂಕಿಗಳ ಮೊತ್ತ. 36 ಒಂಬತ್ತರಿಂದ ಭಾಗವಾಗುತ್ತದೆ, ಹಾಗಾಗಿ ಸಂಖ್ಯೆಯೂ ಆಗುತ್ತದೆ.

11ಕ್ಕೆ ಒಂದು ಬಿಟ್ಟು ಒಂದು ಅಂಕಿ ಕೂಡಿಸಿ. 1+3+5+5+3+1 = 18. ಉಳಿದವು 2+4+6+4+2 = 18. ವ್ಯತ್ಯಾಸ 0. ಹಾಗಾಗಿ 11ರಿಂದ ಭಾಗವಾಗುತ್ತದೆ.

7ಕ್ಕೆ ಮತ್ತು 13ಕ್ಕೆ ಶಾಲೆಯಲ್ಲಿ ಒಳ್ಳೆಯ ಉಪಾಯ ಹೇಳಿಕೊಡುವುದು ಕಮ್ಮಿ. ಹಿಂದೊಮ್ಮೆ ನಾನು ಇದೇ ಸಂಖ್ಯೆಯನ್ನು 7ರಿಂದ ಉದ್ದಕ್ಕೆ ಭಾಗಿಸಲು ಹೋಗಿ, ನಡುವೆ ಒಂದು ಅಂಕಿ ಇಳಿಸಿಕೊಳ್ಳುವುದು ಮರೆತು, ಶೇಷ 3 ಬರುತ್ತದೆ ಅಂತ ಅರ್ಧ ಗಂಟೆ ನಂಬಿಕೊಂಡಿದ್ದೆ. ಅದಕ್ಕಿಂತ ಇದು ವಾಸಿ: 7 × 11 × 13 = 1001. ಅಂದರೆ 1000 ಅನ್ನುವುದು 1001ಕ್ಕೆ ಒಂದು ಕಮ್ಮಿ. ಹಾಗಾಗಿ ಮೂರು ಮೂರು ಅಂಕಿಯ ಗುಂಪು ಮಾಡಿ, ಒಂದನ್ನು ಕೂಡಿಸಿ ಇನ್ನೊಂದನ್ನು ಕಳೆಯುತ್ತಾ ಹೋದರೆ, ಉಳಿದದ್ದು ಈ ಮೂರರಲ್ಲಿ ಯಾವುದರಿಂದ ಭಾಗವಾಗುತ್ತದೋ ಮೂಲ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ.

ಇಲ್ಲಿ ಮಾತ್ರ ನಮ್ಮ ಲಕ್ಷ-ಕೋಟಿಯ ಅಲ್ಪವಿರಾಮ ಅಳಿಸಿ, ಮಿಲಿಯನ್-ಬಿಲಿಯನ್‌ನವರ ಹಾಗೆ ಮೂರು ಮೂರಕ್ಕೆ ಹಾಕಿ: 12,345,654,321. ಈಗ 321 ಮತ್ತು 345 ಕೂಡಿಸಿದರೆ 666. 654 ಮತ್ತು 12 ಕೂಡಿಸಿದರೂ 666. ವ್ಯತ್ಯಾಸ 0! ಒಂದೇ ಏಟಿಗೆ 7, 11, 13 ಮೂರೂ ಸಿಕ್ಕವು.

ಅದೇ ಗುಂಪುಗಳನ್ನು ಈ ಸಲ ಕಳೆಯದೆ ಎಲ್ಲವನ್ನೂ ಕೂಡಿಸಿ: 321 + 654 + 345 + 12 = 1332. ಮತ್ತೆ ಗುಂಪು ಮಾಡಿ 332 + 1 = 333. ಈ ಮೊತ್ತ 27 ಮತ್ತು 37ರ ಗುಟ್ಟು ಹೇಳುತ್ತದೆ, ಯಾಕೆಂದರೆ 27 × 37 = 999. 333 ಅಂದರೆ 9 × 37. ಹಾಗಾಗಿ 37ರಿಂದ ಭಾಗವಾಗುತ್ತದೆ, 27ರಿಂದ ಆಗುವುದಿಲ್ಲ. ಎರಡನೆಯದೂ ಒಳ್ಳೆಯ ಸುದ್ದಿಯೇ: ಸಂಖ್ಯೆಯೊಳಗೆ 3 ಎರಡೇ ಸಲ ಇದೆ, ಮೂರನೇ ಸಲ ಇಲ್ಲ ಅಂತ ಖಚಿತವಾಯಿತು.

101ಕ್ಕೂ ಇದೇ ರೀತಿ, ಆದರೆ ಎರಡೆರಡು ಅಂಕಿಯ ಗುಂಪು. 21 − 43 + 65 − 45 + 23 − 1 = 20. ಭಾಗವಾಗುವುದಿಲ್ಲ.

ಹಂತ 6: ಪೂರ್ತಿ ಬಿಡಿಸಿ

111111 ಅನ್ನು ಎರಡು ಮೂರರ ಗುಂಪಾಗಿ ನೋಡಿ: 111 | 111. ಅಂದರೆ 111 × 1001. 111 ಅಂದರೆ 3 × 37. 1001 ಅಂದರೆ 7 × 11 × 13. ಮುಗಿಯಿತು. 111111 = 3 × 7 × 11 × 13 × 37. ನಮ್ಮ ಸಂಖ್ಯೆಯಲ್ಲಿ ಇವು ಐದೂ ಎರಡೆರಡು ಸಲ ಇವೆ.

ಮುಖ ನೋಡದೆ ಕುರುಡಾಗಿ ಅಪವರ್ತನ ಹುಡುಕಲು ಹೊರಟರೆ ಕೆಲಸ ಎಷ್ಟಾಗಬಹುದು ಗೊತ್ತಾ? ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಅಂತ ತೀರ್ಮಾನಿಸಲು ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಇಷ್ಟು ದೊಡ್ಡ ಸಂಖ್ಯೆಗೆ 111111ರವರೆಗೆ. ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅವಿಭಾಜ್ಯ ಸಂಖ್ಯೆಗಳಿವೆ. ನಮ್ಮದು ಸಣ್ಣ ಅಪವರ್ತನಗಳ ಸಂಖ್ಯೆಯಾದ್ದರಿಂದ ಬಚಾವು.

ಮಹಾವೀರನ ಲೆಕ್ಕವನ್ನು ಈಗ ನೋಡಿ. 441 ಅಂದರೆ 21ರ ವರ್ಗ, 21 ಅಂದರೆ 3 × 7. ಉಳಿದ 11 × 13 × 37 = 5291. ಅದರ ವರ್ಗ 27994681. ಅಂದರೆ ಐದು ಮಣಿಗಳಲ್ಲಿ ಎರಡನ್ನು ಒಂದು ಕಡೆ, ಮೂರನ್ನು ಇನ್ನೊಂದು ಕಡೆ ಇಟ್ಟು ವರ್ಗ ಮಾಡಿದಂತೆ. 27994681 ನೋಡಿದರೆ ಅದರೊಳಗೆ ಹಾರ ಇದೆ ಅಂತ ಯಾರಿಗಾದರೂ ಅನ್ನಿಸುತ್ತದಾ? ಒಗಟು ಕಟ್ಟುವವನ ಕೈಚಳಕ ಅದು.

ಹಂತ 7: ಭಾಜಕಗಳನ್ನು ಎಣಿಸಿ

ಪ್ರತಿ ಅವಿಭಾಜ್ಯವನ್ನೂ ಒಂದು ಭಾಜಕದಲ್ಲಿ ಸೊನ್ನೆ ಸಲ, ಒಂದು ಸಲ ಅಥವಾ ಎರಡು ಸಲ ಸೇರಿಸಬಹುದು. ಮೂರು ಆಯ್ಕೆ, ಐದು ಅವಿಭಾಜ್ಯ. 3 × 3 × 3 × 3 × 3 = 243 ಭಾಜಕಗಳು. ಬೆಸ ಸಂಖ್ಯೆ ಬಂದರೆ ಅದು ಪೂರ್ಣ ವರ್ಗದ ಗುರುತು: 121 ಜೋಡಿ, ಜೊತೆ ಇಲ್ಲದೆ ಒಂಟಿಯಾಗಿ ನಿಂತ 111111. ಈ 121 ಜೋಡಿಗಳಲ್ಲಿ ಎರಡೂ ಕಡೆ ವರ್ಗವೇ ಇರುವ ಜೋಡಿ 16. ಮಹಾವೀರನ 441 × 27994681 ಅವುಗಳಲ್ಲಿ ಒಂದು.

ಹಂತ 8: ಭಾಜಕಗಳನ್ನು ಕೂಡಿಸಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು. ಸ್ವಲ್ಪ ನಿಧಾನವಾಗಿ ಹೋಗೋಣ.

243 ಭಾಜಕಗಳನ್ನು ಒಂದೊಂದಾಗಿ ಬರೆದು ಕೂಡಿಸಬೇಕಿಲ್ಲ. ಸಣ್ಣ ಉದಾಹರಣೆ 12. ಅದು 2 × 2 × 3. (1+2+4) × (1+3) = 7 × 4 = 28. ಕೈಯಲ್ಲಿ ಕೂಡಿಸಿ ನೋಡಿ: 1+2+3+4+6+12, ಅದೂ 28. ಆವರಣ ಬಿಡಿಸಿದರೆ ಪ್ರತಿ ಭಾಜಕವೂ ಸರಿಯಾಗಿ ಒಂದೊಂದು ಸಲ ಬರುತ್ತದೆ, ಅಷ್ಟೇ ಗುಟ್ಟು.

ನಮ್ಮ ಸಂಖ್ಯೆಗೆ ಐದು ಆವರಣ:

3ಕ್ಕೆ 1+3+9 = 13
7ಕ್ಕೆ 1+7+49 = 57
11ಕ್ಕೆ 1+11+121 = 133
13ಕ್ಕೆ 1+13+169 = 183
37ಕ್ಕೆ 1+37+1369 = 1407

ಗುಣಿಸುತ್ತಾ ಹೋಗಿ. 13 × 57 = 741. ಅದನ್ನು 133ರಿಂದ ಗುಣಿಸಿದರೆ 98553. 183ರಿಂದ ಗುಣಿಸಿದರೆ 18035199. ಇಲ್ಲಿ ಒಂದು ಗೆರೆ ಎಳೆದಿಡಿ, ವಾಪಸ್ ಬರೋಣ. 1407ರಿಂದ ಗುಣಿಸಿದರೆ 25375524993.

ಇದರಲ್ಲಿ ನಮ್ಮ ಸಂಖ್ಯೆಯನ್ನೇ ಕಳೆದರೆ ಉಳಿದ 242 ಭಾಜಕಗಳ ಮೊತ್ತ 13029870672. ಇದು 12345654321ಕ್ಕಿಂತ ದೊಡ್ಡದು! ಮಕ್ಕಳ ಕೂಡಿಕೆ ಅಪ್ಪನ ಆಸ್ತಿಯನ್ನೇ ಮೀರಿಸಿದ ಹಾಗೆ. ಇದರಲ್ಲೇನು ವಿಶೇಷ ಅಂದರೆ, ಸಮ ಸಂಖ್ಯೆಗಳಲ್ಲಿ ಇದು ಮಾಮೂಲು. 12ಕ್ಕೇ ಹೀಗಾಗುತ್ತದೆ. ಬೆಸ ಸಂಖ್ಯೆಗಳಲ್ಲಿ ಅಪರೂಪ. ಹಾಗಾಗುವ ಮೊಟ್ಟಮೊದಲ ಬೆಸ ಸಂಖ್ಯೆ 945.

ಮೊತ್ತ ಸರಿಯಾಗಿ ಸಂಖ್ಯೆಗೇ ಸಮವಾದರೆ ಅದನ್ನು ಪರಿಪೂರ್ಣ ಸಂಖ್ಯೆ ಅನ್ನುತ್ತಾರೆ. 6 = 1+2+3. 28 = 1+2+4+7+14. ಗೊತ್ತಿರುವ ಪರಿಪೂರ್ಣ ಸಂಖ್ಯೆಗಳೆಲ್ಲ ಸಮ. ಬೆಸ ಪರಿಪೂರ್ಣ ಸಂಖ್ಯೆ ಒಂದೂ ಸಿಕ್ಕಿಲ್ಲ. ಇಲ್ಲ ಅಂತ ಯಾರೂ ಸಾಧಿಸಿಯೂ ಇಲ್ಲ.

ಈಗ ಆ ಗೆರೆ ಎಳೆದ ಜಾಗಕ್ಕೆ ಬನ್ನಿ. 37 ಅನ್ನು ಬದಿಗಿಟ್ಟರೆ ಉಳಿಯುವುದು 3 × 7 × 11 × 13 = 3003, ಅದರ ವರ್ಗ 9018009. ಇದರ ಭಾಜಕಗಳ ಮೊತ್ತ, ಅದೂ ಸೇರಿ, 18035199. ಪರಿಪೂರ್ಣ ಆಗಬೇಕಿದ್ದರೆ 9018009ರ ಎರಡರಷ್ಟು, ಅಂದರೆ 18036018 ಬರಬೇಕಿತ್ತು. ಕೊರತೆ ಬರೀ 819. ಒಂದು ಕೋಟಿ ಎಂಬತ್ತು ಲಕ್ಷದಲ್ಲಿ ಎಂಟುನೂರ ಚಿಲ್ಲರೆ!

ಹಾರದಿಂದ ಒಂದು ಮಣಿ ತೆಗೆದಾಗ ಸಿಕ್ಕ ಈ 9018009 ಮೇಲೆ 1638ರಲ್ಲಿ ಫ್ರಾನ್ಸಿನ ರೆನೆ ಡೆಕಾರ್ಟ್‌ನ ಕಣ್ಣು ಬಿದ್ದಿತ್ತು. ಅವನು ಇದಕ್ಕೆ 22021 ಅನ್ನು ಗುಣಿಸಿದ. 198585576189 ಬರುತ್ತದೆ. 22021 ಅವಿಭಾಜ್ಯವಾಗಿದ್ದರೆ ಅದರ ಆವರಣ 1 + 22021 = 22022 ಆಗುತ್ತದೆ, ಆಗ ಭಾಜಕಗಳ ಒಟ್ಟು ಮೊತ್ತ 18035199 × 22022. ಇದು 198585576189ರ ಸರಿಯಾಗಿ ಎರಡರಷ್ಟು. ಬೆಸ ಪರಿಪೂರ್ಣ ಸಂಖ್ಯೆ ಕೈಗೆ ಬಂದೇಬಿಟ್ಟಿತು!

ಆದರೆ 22021 ಅವಿಭಾಜ್ಯ ಅಲ್ಲ. ನೀವೇ ಹಂತ 5ರ ಪರೀಕ್ಷೆ ಹಾಕಿ ನೋಡಿ. ಅಂಕಿಗಳ ಮೊತ್ತ 7, ಹಾಗಾಗಿ 3 ಇಲ್ಲ. 21 − 22 = −1, ಹಾಗಾಗಿ 7, 11, 13 ಇಲ್ಲ. 17ರಿಂದ ಭಾಗಿಸಿದರೆ ಶೇಷ 6. 19ಕ್ಕೆ ಬಂದರೆ 19 × 1159, ಶೇಷ ಇಲ್ಲ. 1159 ಮತ್ತೆ 19 × 61. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ. ಒಂದು ಸಂಖ್ಯೆ ಅವಿಭಾಜ್ಯದ ಹಾಗೆ ಕಂಡರೆ ಸಾಲದು, ಪೂರ್ತಿ ಪರೀಕ್ಷೆ ಮಾಡಬೇಕು ಅಂತ ನಾನು ಹಟ ಹಿಡಿಯುವುದು ಈ ಕತೆಯಿಂದ.

ಹಂತ 9: ಲಂಬಕೋನ ತ್ರಿಕೋನ ಹುಡುಕಿ

ಸಂಖ್ಯೆ 111111ರ ವರ್ಗ. ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬಂದರೆ, ವಿಕರ್ಣ 111111 ಇರುವ ಲಂಬಕೋನ ತ್ರಿಕೋನ ಸಿಗುತ್ತದೆ. ಬರುತ್ತದೋ ಇಲ್ಲವೋ ಅಂತ ತಿಳಿಯಲು ಅವಿಭಾಜ್ಯಗಳನ್ನು 4ರಿಂದ ಭಾಗಿಸಿ ಶೇಷ ನೋಡಿ. 3, 7, 11ಕ್ಕೆ ಶೇಷ 3. ಇವು ಇಲ್ಲಿ ಕೆಲಸಕ್ಕೆ ಬಾರದವು, ಸುಮ್ಮನೆ ಜೊತೆಗೆ ಬರುತ್ತವೆ. 13 ಮತ್ತು 37ಕ್ಕೆ ಶೇಷ 1. ತ್ರಿಕೋನ ಹುಟ್ಟುವುದು ಇವುಗಳಿಂದ.

13ರ ತ್ರಿಕೋನ ಎಲ್ಲರಿಗೂ ಗೊತ್ತು: 5, 12, 13. ಅದನ್ನು 8547 ಪಟ್ಟು ಹಿಗ್ಗಿಸಿ, ಯಾಕೆಂದರೆ 13 × 8547 = 111111. ಬಾಹುಗಳು 42735 ಮತ್ತು 102564. 37ರ ತ್ರಿಕೋನ 12, 35, 37. ಅದನ್ನು 3003 ಪಟ್ಟು ಹಿಗ್ಗಿಸಿದರೆ 36036 ಮತ್ತು 105105. ತಾಳೆ ನೋಡೋಣ: 36036ರ ವರ್ಗ 1298593296, 105105ರ ವರ್ಗ 11047061025. ಕೂಡಿಸಿದರೆ 12345654321. ಏನೂ ಚಂದವಿಲ್ಲದ ಎರಡು ಸಂಖ್ಯೆ ಕೂಡಿ ಹಾರ ಆಗುವುದು ನೋಡಲು ಖುಷಿ.

13 ಮತ್ತು 37 ಎರಡನ್ನೂ ಸೇರಿಸಿದ 481ಕ್ಕೆ ಇನ್ನೆರಡು ತ್ರಿಕೋನ ಇವೆ: 31, 480, 481 ಮತ್ತು 319, 360, 481. ಅವನ್ನು 231 ಪಟ್ಟು ಮಾಡಿದರೆ 7161, 110880 ಮತ್ತು 73689, 83160. ಒಟ್ಟು ನಾಲ್ಕೇ ತ್ರಿಕೋನ, ಐದನೆಯದು ಇಲ್ಲ.

ಹಂತ 10: ಒಂದನ್ನು ಅದರಿಂದ ಭಾಗಿಸಿ

ಇದನ್ನು ಜನ ಮರೆಯುತ್ತಾರೆ. 1 ÷ 12345654321 ಏನು ಬರುತ್ತದೆ? ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ 8.1000162 ಅಂತ ತೋರಿಸಿ, ಪಕ್ಕದಲ್ಲಿ ಹತ್ತರ ಮೈನಸ್ 11ನೇ ಘಾತ ಬರೆಯುತ್ತದೆ. ಆ 81 ಮತ್ತು 162 ನೋಡಿದಿರಾ? ದಶಾಂಶ ಬಿಂದುವಿನ ಆಚೆ ಆರಾರು ಅಂಕಿಯ ಗುಂಪು ಮಾಡಿ ಬರೆದರೆ ಹೀಗಿರುತ್ತದೆ:

0.000000 000081 000162 000243 000324 000405 …

81ರ ಮಗ್ಗಿ! ಸಂಖ್ಯೆ ತನ್ನೊಳಗೆ ಮಗ್ಗಿ ಬಚ್ಚಿಟ್ಟುಕೊಂಡಿದೆ.

ಕಾರಣ ಹೀಗೆ. 111111 × 9 = 999999. ಹಾಗಾಗಿ 1 ÷ 111111 ಅಂದರೆ 0.000009 000009 000009, ಹೀಗೆ ಮುಗಿಯದೆ ಸಾಗುತ್ತದೆ. ಇದನ್ನು ಇದರಿಂದಲೇ ಗುಣಿಸಿದರೆ ಹಂತ 4ರ ಅದೇ ಮೆಟ್ಟಿಲು. ಮೊದಲ ಗುಂಪಿನಲ್ಲಿ ಒಂದು 9 × 9, ಮುಂದಿನದರಲ್ಲಿ ಎರಡು, ಆಮೇಲೆ ಮೂರು. ಆದರೆ ಇಲ್ಲಿ ಹತ್ತುವ ಮೆಟ್ಟಿಲು ಮಾತ್ರ, ಇಳಿಯುವುದಿಲ್ಲ.

ಎಲ್ಲಿಯವರೆಗೆ ಹತ್ತುತ್ತದೆ? 81 × 12345 = 999945. ಅಲ್ಲಿಯವರೆಗೆ ಆರು ಅಂಕಿಯೊಳಗೆ ಹಿಡಿಸುತ್ತದೆ. ಮುಂದಿನ 1000026ಕ್ಕೆ ಏಳು ಅಂಕಿ ಬೇಕು, ಅದರ ತಲೆಯ 1 ಹಿಂದಿನ ಗುಂಪಿಗೆ ದಶಕವಾಗಿ ಹೋಗಿ 999946 ಆಗುತ್ತದೆ. ಮಗ್ಗಿ ಕೆಡುವುದು ಅಲ್ಲಿಂದ. 12345 ಇಲ್ಲೂ ಬಂದು ಇಣುಕಿದ್ದು ಗಮನಿಸಿ.

ಈ ದಶಾಂಶ ಎಷ್ಟು ಅಂಕಿಯಾದ ಮೇಲೆ ಮೊದಲಿನಿಂದ ಶುರುವಾಗುತ್ತದೆ? ಭಾಗಾಕಾರ ಮಾಡುತ್ತಾ ಹೋದಾಗ ಶೇಷ ಮತ್ತೆ 1 ಬಂದರೆ ಅಲ್ಲಿಗೆ ಒಂದು ಸುತ್ತು. ಆರು ಅಂಕಿಯಾದ ಮೇಲೆ ಶೇಷ 1000000, ಅಂದರೆ 1 + 9 × 111111. ಇನ್ನಾರು ಅಂಕಿಯಾದ ಮೇಲೆ 1 + 18 × 111111. ಪ್ರತಿ ಗುಂಪಿಗೂ ಒಂಬತ್ತೊಂಬತ್ತು 111111 ಸೇರುತ್ತಾ ಹೋಗುತ್ತವೆ. ಅಂಥ 111111 ಒಟ್ಟು 111111 ಆದಾಗ, ಇಲ್ಲವೇ ಅದರ ಗುಣಕ ಆದಾಗ, ಎಲ್ಲ ಕಳೆದುಹೋಗಿ 1 ಉಳಿಯುತ್ತದೆ. ಅಂದರೆ ಗುಂಪುಗಳ ಎಣಿಕೆಯ 9 ಪಟ್ಟು 111111ರಿಂದ ಭಾಗವಾಗಬೇಕು. 111111ರೊಳಗೆ ಒಂದೇ 3 ಇದೆ, ಅದನ್ನು 9 ನೋಡಿಕೊಳ್ಳುತ್ತದೆ. ಉಳಿದ 37037 ಗುಂಪು ಬೇಕೇ ಬೇಕು. ಗುಂಪಿನ ನಡುವೆ ಎಲ್ಲೂ ಶೇಷ 1 ಬರುವುದಿಲ್ಲ. 37037 × 6 = 222222.

ಅಂದರೆ 1 ÷ 12345654321ರ ದಶಾಂಶ 222222 ಅಂಕಿಗಳಿಗೊಮ್ಮೆ ಮರುಕಳಿಸುತ್ತದೆ. ಮೊದಲ ಸಲ ಈ ಉತ್ತರ ಬಂದಾಗ ಎಲ್ಲೋ ತಪ್ಪಿದ್ದೇನೆ ಅಂದುಕೊಂಡು ಮೂರು ಸಲ ಲೆಕ್ಕ ಮಾಡಿದ್ದೆ.

ಅಭ್ಯಾಸಕ್ಕೆ

ಮಹಾವೀರನ ಇನ್ನೊಂದು ಕಂಠಿಕೆ 152207 × 73 = 11111111. ಎಂಟು ಒಂದುಗಳು. ಹಂತ 5ರ 11 ಮತ್ತು 101ರ ಪರೀಕ್ಷೆ ಹಾಕಿ. 1111 × 10001 ಅಂತ ಮೊದಲು ಒಡೆದರೆ ಸುಲಭ. ಕೊನೆಗೆ 11 × 73 × 101 × 137 ಬರಬೇಕು. ಹತ್ತು ನಿಮಿಷದ ಕೆಲಸ.

ಅವನದೇ 139 × 109 = 15151 ಮಾತ್ರ ನೋಡಲು ಸಣ್ಣದು, ಬಿಡಿಸಲು ಗಟ್ಟಿ. ಉತ್ತರ ಗೊತ್ತಿಲ್ಲ ಅಂದುಕೊಂಡು 15151 ಅನ್ನು ಮಾತ್ರ ಕೈಗೆತ್ತಿಕೊಳ್ಳಿ. ವರ್ಗಮೂಲ 123 ಚಿಲ್ಲರೆ, ಹಾಗಾಗಿ ಅಲ್ಲಿಯವರೆಗಿನ 30 ಅವಿಭಾಜ್ಯಗಳನ್ನು ನೋಡಬೇಕು. 2, 3, 5, 7, 11, 13, 37, 101 ಇವು ಎಂಟೂ ನಮ್ಮ ಪರೀಕ್ಷೆಗಳಲ್ಲೇ ಬಿದ್ದುಹೋಗುತ್ತವೆ. ಉಳಿದವುಗಳಿಂದ ಒಂದೊಂದಾಗಿ ಭಾಗಿಸದೆ ಬೇರೆ ದಾರಿ ಇಲ್ಲ. 17, 19, 23 ಅಂತ ಶುರು ಮಾಡಿದರೆ ಇಪ್ಪತ್ತೊಂದನೇ ಭಾಗಾಕಾರದಲ್ಲಿ 109 ಸಿಗುತ್ತದೆ.

ಅಣ್ಣನ ಮಗಳಿಗೆ ಇದನ್ನು ಕೊಟ್ಟಿದ್ದೆ. 89ರವರೆಗೆ ಬಂದು ಪೆನ್ಸಿಲ್ ಕೆಳಗಿಟ್ಟಳು. “ಚಿಕ್ಕಪ್ಪ, ಇದು ಅವಿಭಾಜ್ಯಾನೇ, ಬರೆದಿಟ್ಕೊಳ್ಳಿ” ಅಂದಳು. ಇನ್ನು ನಾಲ್ಕೇ ಭಾಗಾಕಾರ ಬಾಕಿ ಇತ್ತು.